ಲಿಫ್ಟಿಗೆ ಲೈಸೆನ್ಸ್ ಇದೆ, ರಿಪೇರಿ ಮಾಡುವವನಿಗೆ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟು ಹನ್ನೊಂದು ದಿನ ನಿಂತಿತ್ತು. ಅಕ್ಕಿ ಮೂಟೆ ಹೊತ್ತು ನಾಲ್ಕನೇ ಮಹಡಿ ಹತ್ತುವಾಗೆಲ್ಲ ಬೆಂಗಳೂರಿನ ಲಿಫ್ಟ್ ಹುಡುಗ ನೆನಪಾಗುತ್ತಿದ್ದ. ವಿಜಯನಗರದಲ್ಲಿ ಅಪ್ಪ ಫೋನ್ ಮಾಡಿದರೆ ಒಂದು ಗಂಟೆಯೊಳಗೆ ಬೈಕಿನಲ್ಲಿ ಬಂದು, ಲಿಫ್ಟ್ ಓಡಿಸಿಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದ.

ಕೊನೆಗೂ ಇಲ್ಲಿ ಬಂದವರು ಇಬ್ಬರು. ಒಬ್ಬ ಮೆಕ್ಯಾನಿಕ್, ಜೊತೆಗೊಬ್ಬಳು ಅಪ್ರೆಂಟಿಸ್. ಅವಳಿಗೆ ಇದು ಮೂರನೇ ವರ್ಷವಂತೆ. ಲಿಫ್ಟ್ ಕೆಲಸಗಾರರ ಯೂನಿಯನ್ ದಾರಿಯಲ್ಲಿ ಬಂದರೆ ಒಟ್ಟು ನಾಲ್ಕು ವರ್ಷದ ತರಬೇತಿ. ಸೇರುವುದಕ್ಕೇ ಪರೀಕ್ಷೆ, ಇಂಟರ್‌ವ್ಯೂ. ಕೆಲಸದ ಜೊತೆಜೊತೆಗೆ ಪಾಠ. ಮೊದಲ ಆರು ತಿಂಗಳು ಮೆಕ್ಯಾನಿಕ್ ಸಂಬಳದ ಅರ್ಧ, ಆಮೇಲೆ ವರ್ಷ ವರ್ಷ ಏರುತ್ತದೆ. ಇಷ್ಟಾದ ಮೇಲೂ ಈ ರಾಜ್ಯದ ಸರ್ಟಿಫಿಕೇಟ್ ಬೇಕು. ಅದನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಷ್ಟಕ್ಕೆ ತಕ್ಕ ಫಲವೂ ಇದೆ ಬಿಡಿ. ಅಮೆರಿಕದಲ್ಲಿ ಈ ಕೆಲಸದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷಕ್ಕೆ 1 ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುತ್ತಾರೆ. ಹಾಗಂತ ಇಡೀ ದೇಶ ಹೀಗೇ ಅಂದುಕೊಳ್ಳಬೇಡಿ. ಟೆಕ್ಸಾಸ್‌ನಲ್ಲಿ ನೋಂದಣಿ ಕೇಳುವುದು ಕಂಪನಿಯನ್ನು, ಮೆಕ್ಯಾನಿಕ್‌ನನ್ನಲ್ಲ.

ನಮ್ಮಲ್ಲೂ ಕಾನೂನು ಇಲ್ಲದೇ ಇಲ್ಲ. ಕರ್ನಾಟಕದಲ್ಲಿ ಲಿಫ್ಟ್, ಎಸ್ಕಲೇಟರ್‌ಗಳಿಗೆ 2012ರ ಕಾಯ್ದೆಯೇ ಇದೆ. ವಿದ್ಯುತ್ ಪರಿವೀಕ್ಷಣಾಲಯದಿಂದ ಲಿಫ್ಟಿಗೆ ಲೈಸೆನ್ಸ್ ಪಡೆಯಬೇಕು. ಐಟಿಐಯಲ್ಲಿ ಲಿಫ್ಟ್ ಮೆಕ್ಯಾನಿಕ್‌ಗೆಂದೇ ಎರಡು ವರ್ಷದ ಕೋರ್ಸ್ ಇದೆ. ಆದರೆ ನಮ್ಮ ಹುಡುಗ ಅದನ್ನು ಓದಿದವನಲ್ಲ. ಎಸೆಸೆಲ್ಸಿ ಮುಗಿಸಿ ಹೆಲ್ಪರ್ ಆಗಿ ಸೇರಿ, ನೋಡಿ ನೋಡಿ ಕಲಿತವನು. ಅಪ್ಪ ಅಸೋಸಿಯೇಷನ್ ಸೆಕ್ರೆಟರಿಯಾಗಿದ್ದಾಗ ಎಎಂಸಿಗೆ, ಅಂದರೆ ವರ್ಷದ ನಿರ್ವಹಣೆ ಒಪ್ಪಂದಕ್ಕೆ, ಸಹಿ ಹಾಕಿದ್ದರು. ಲಿಫ್ಟ್ ಮುಟ್ಟುವವನು ಎಲ್ಲಿ ಕಲಿತ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಬೇಕಿತ್ತು ಅಂತ ಈಗ ಅನಿಸುವುದಕ್ಕೆ ಕಾರಣ ಒಂದು ತುಂಡು ವೈರ್. ಬಾಗಿಲು ಮುಚ್ಚಿ ಲಾಕ್ ಬಿದ್ದರೆ ಮಾತ್ರ ಲಿಫ್ಟ್ ಹೊರಡಬೇಕು. ಆ ಲಾಕಿನಲ್ಲಿ ದೋಷ ಹುಡುಕುವಾಗ ಮೆಕ್ಯಾನಿಕ್ ಒಂದು ವೈರ್ ಹಾಕಿ ಲಾಕಿನ ಸರ್ಕ್ಯೂಟನ್ನು ದಾಟಿಸುತ್ತಾನೆ. ಅದಕ್ಕೆ ಜಂಪರ್ ಅನ್ನುತ್ತಾರೆ. ತೆಗೆಯಲು ಮರೆತರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಟುಬಿಡಬಹುದು. ನಮ್ಮ ಹುಡುಗ ಒಮ್ಮೆ ಹೊಸ ಲಾಕ್ ಬರುವವರೆಗೆ ಅಂತ ಅದನ್ನು ಬೇಕೆಂದೇ ಎರಡು ದಿನ ಬಿಟ್ಟಿದ್ದ. ಲಿಫ್ಟ್ ಓಡುತ್ತಿತ್ತು. ಎಲ್ಲರಿಗೂ ಖುಷಿ. ಇಲ್ಲಿ ಆ ಅಪ್ರೆಂಟಿಸ್ ಚೀಲದಿಂದ ಜಂಪರ್ ತೆಗೆಯುವಾಗ ಎಣಿಸಿದಳು, ಕೆಲಸ ಮುಗಿದ ಮೇಲೆ ಮತ್ತೆ ಎಣಿಸಿದಳು. ಮೆಕ್ಯಾನಿಕ್ ಕೂಡ ಎಣಿಸಿದ.

ಆ ಹುಡುಗನ ಜೊತೆ ಎಣಿಸಲು ಇನ್ನೊಬ್ಬ ಇರಲೇ ಇಲ್ಲ, ಅಲ್ವಾ? ತಪ್ಪು ಅವನದು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಅಪ್ಪನಿಗೆ ಹೇಳಿದೆ, ಈ ಸಲ ಎಎಂಸಿ ಮಾಡಿಸುವ ಮೊದಲು ಬರುವವನು ಐಟಿಐ ಮಾಡಿದ್ದಾನಾ, ಒಬ್ಬನೇ ಬರುತ್ತಾನಾ ವಿಚಾರಿಸಿ ಅಂತ.

“ವಿಚಾರಿಸ್ತೀನಪ್ಪ. ಆಮೇಲೆ ರೇಟ್ ಜಾಸ್ತಿ ಹೇಳ್ತಾರೆ.”

ಹೇಳಲಿ ಅಂದೆ.