ಆಜಾನುಬಾಹುಗಳಿಗೆ ಮಾತ್ರ

‘ಕೈಗೆಟುಕುವ ಮನೆ’ ಎಂಬ ಮಾತಿನಲ್ಲಿ ಮನೆ ಯಾವುದೆಂದು ಊರಿಗೆಲ್ಲ ಗೊತ್ತು. ಕೈ ಯಾರದು ಎಂಬುದು ಮಾತ್ರ ಇನ್ನೂ ಪತ್ತೆಯಾಗಿಲ್ಲ.

ಆ ಕೈಯನ್ನು ಹುಡುಕುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂತು. ಬೆಂಗಳೂರಿನ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಒಂದು ಬೆಳಿಗ್ಗೆ ನನ್ನ ಅಂಗಿಗಳ ಜೊತೆಗೆ ಒಂದು ಅರ್ಜಿಯನ್ನೂ ನೀಟಾಗಿ ಮಡಿಸಿ ಕೊಟ್ಟರು. ಅಂಗಡಿ ಎಂದರೆ ಹೊಂಗೆ ಮರದ ಕೆಳಗಿನ ತಳ್ಳುಗಾಡಿ. ‘ಸರ್ಕಾರದ ಮನೆಗೆ ಅರ್ಜಿಯಂತೆ ಸಾರ್. ನೀವು ತುಂಬಿಕೊಡಿ. ನಿಮಗೆ ಅಭ್ಯಾಸವಿದೆ’ ಎಂದರು. ಅರ್ಜಿ ತುಂಬಿ ಅಭ್ಯಾಸವಿರುವುದು ನಿಜ. ಮನೆ ಸಿಕ್ಕಿ ಅಭ್ಯಾಸವಿಲ್ಲ. ನಾನೂ ಬಾಡಿಗೆ ಮನೆಯವನೇ.

ತುಂಬುವ ಮೊದಲು ಪದದ ಅರ್ಥ ತಿಳಿದುಕೊಳ್ಳೋಣವೆಂದು ನಿಘಂಟು ನೋಡಿದೆ. ಕನ್ನಡ ನಿಘಂಟಲ್ಲ, ಜಿಎಸ್‌ಟಿಯ ನಿಘಂಟು. 2019ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಅದರ ಪ್ರಕಾರ, ಬೆಂಗಳೂರಿನಂಥ ಮಹಾನಗರದಲ್ಲಿ ಮನೆಯೊಳಗಿನ ಜಾಗ 60 ಚದರ ಮೀಟರ್ ಮೀರದೆ, ಬೆಲೆ 45 ಲಕ್ಷ ರೂಪಾಯಿ ದಾಟದೆ ಇದ್ದರೆ ಅದು ಕೈಗೆಟುಕುವ ಮನೆ. ಕಟ್ಟುತ್ತಿರುವಾಗಲೇ ಕೊಂಡರೆ ತೆರಿಗೆ ಶೇಕಡಾ 1. ಒಂದು ರೂಪಾಯಿ ಹೆಚ್ಚಾದರೂ ಕೈಗೆಟುಕದು, ತೆರಿಗೆ ಶೇಕಡಾ 5. ಮನೆಯ ಉದ್ದಗಲವನ್ನು ಇಷ್ಟು ಕರಾರುವಾಕ್ಕಾಗಿ ಅಳೆದವರು ಕೈಯ ಉದ್ದವನ್ನು ಒಂದು ಕಡೆಯೂ ಅಳೆದಿಲ್ಲ.

ಕೈಯ ಅಳತೆ ಇರುವುದು ಬೇರೆ ಕಡತದಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ದುಡಿಯುವ ಕುಟುಂಬವನ್ನು ‘ಆರ್ಥಿಕವಾಗಿ ದುರ್ಬಲ’ ಎನ್ನುತ್ತಾರೆ. ನಮ್ಮ ಇಸ್ತ್ರಿಯವರ ಮನೆಯ ದುಡಿಮೆ, ಹೆಂಡತಿ ಎರಡು ಮನೆಯಲ್ಲಿ ಪಾತ್ರೆ ತೊಳೆದದ್ದೂ ಸೇರಿ, ತಿಂಗಳಿಗೆ ಹೆಚ್ಚುಕಡಿಮೆ 25 ಸಾವಿರ. ಅಂದರೆ ಸರಿಯಾಗಿ ಗೆರೆಯ ಮೇಲೆ ನಿಂತಿದ್ದಾರೆ. ಈಗ ಎರಡು ಕಡತಗಳನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. 45 ಲಕ್ಷದ ಮನೆಗೆ ಬ್ಯಾಂಕು 36 ಲಕ್ಷ ಕೊಟ್ಟಿತೆಂದುಕೊಳ್ಳೋಣ. ಕೊಡುವುದಿಲ್ಲ, ಆದರೂ ಅಂದುಕೊಳ್ಳೋಣ. ಎಂಟೂವರೆ ಶೇಕಡಾ ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು 31 ಸಾವಿರ ದಾಟುತ್ತದೆ. ದುಡಿದ 25 ಸಾವಿರವನ್ನು ಹಾಗೆಯೇ ಬ್ಯಾಂಕಿಗೆ ಸುರಿದು, ಮಿಕ್ಕ 6 ಸಾವಿರಕ್ಕೆ ಪ್ರತಿ ತಿಂಗಳೂ ಕೈಸಾಲ ಮಾಡಿದರೆ ಸಾಕು, ಮನೆ ಕೈಗೆಟುಕಿತು. ಮೊದಲಿಗೆ ಕೈಯಿಂದ ಹಾಕಬೇಕಾದ 9 ಲಕ್ಷಕ್ಕೆ ಮೂರು ವರ್ಷ ಗಾಳಿ ಕುಡಿದುಕೊಂಡಿದ್ದರಾಯಿತು. ನಮ್ಮ ಬೀದಿಯಲ್ಲಿ ಹೊಂಗೆ ಮರವಿರುವುದರಿಂದ ಗಾಳಿಗೆ ಕೊರತೆಯಿಲ್ಲ.

ಹಳೆಯ ಕವಿಗಳು ಮಹಾಪುರುಷರನ್ನು ವರ್ಣಿಸುವಾಗ ‘ಆಜಾನುಬಾಹು’ ಎನ್ನುತ್ತಿದ್ದರು. ಮೊಣಕಾಲಿಗೆ ತಾಗುವಷ್ಟು ನೀಳವಾದ ತೋಳಿನವನು ಎಂದರ್ಥ. ನಮ್ಮ ಸರ್ಕಾರಗಳ ಮನಸ್ಸಿನಲ್ಲಿರುವ ಬಡವ ಈತನೇ ಇರಬೇಕೆಂದು ನನ್ನ ಅನುಮಾನ. ಮನೆಯ ಬೆಲೆ ಇಳಿಸುವುದು ಕಷ್ಟದ ಕೆಲಸ, ಅದಕ್ಕೆ ಭೂಮಿಯ ಒಡೆಯರೊಂದಿಗೆ ಮಾತಾಡಬೇಕಾಗುತ್ತದೆ. ಬಡವರ ತೋಳನ್ನೇ ಹಿಗ್ಗಿಸುವುದು ಸುಲಭ. ವಾರ್ಡಿಗೊಂದು ಶಿಬಿರ, ತಜ್ಞರ ಸಮಿತಿ, ತೋಳೆಳೆಯುವ ಯಂತ್ರಕ್ಕೊಂದು ಟೆಂಡರ್. ಎಳೆಯುವಾಗ ನೋವಾದರೆ ಅದಕ್ಕೆ ಸಹಾಯವಾಣಿ. ಆದರೆ ಒಂದು ಎಚ್ಚರಿಕೆ ಬೇಕು. ನಾಡಿನ ಅತ್ಯಂತ ಪ್ರಸಿದ್ಧ ಆಜಾನುಬಾಹು ಇದ್ದ ರಾಜ್ಯವನ್ನೇ ಬಿಟ್ಟುಕೊಟ್ಟು ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಯಲಿನಲ್ಲಿ ನಿಂತುಬಿಟ್ಟಿದ್ದಾನೆ. ಉದ್ದ ಕೈಯವರೆಲ್ಲ ಹೀಗೆ ವೈರಾಗ್ಯ ತಾಳಿದರೆ ಕಟ್ಟಡ ಉದ್ಯಮದ ಗತಿಯೇನು?

ಇರಲಿ, ಅರ್ಜಿಗೆ ಬರೋಣ.

ಮೊದಲ ಪ್ರಶ್ನೆ, ಅರ್ಜಿದಾರರು ಬಡವರೇ? ಇದು ಯಾವ ಕಿಟಕಿಯ ಮುಂದೆ ನಿಂತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಪಡಿತರದ ಕಿಟಕಿಯಲ್ಲಿ ವರ್ಷಕ್ಕೆ 1.20 ಲಕ್ಷ ದಾಟಿದವರು ಬಡವರಲ್ಲ. ಹಾಗಾಗಿ ಇಸ್ತ್ರಿಯವರು ಅಲ್ಲಿ ಅನುಕೂಲಸ್ಥರು. ಮನೆಯ ಕಿಟಕಿಯಲ್ಲಿ 3 ಲಕ್ಷದವರೆಗೆ ಬಡವರು. ಶೇಕಡಾ 10ರ ಮೀಸಲಾತಿಯ ಕಿಟಕಿಯಲ್ಲಿ ಅದೇ ‘ಆರ್ಥಿಕವಾಗಿ ದುರ್ಬಲ’ ಎಂಬ ಹೆಸರಿನಲ್ಲಿ 8 ಲಕ್ಷದ ಹತ್ತಿರ ದುಡಿಯುವವರೂ ನಿಂತಿರುತ್ತಾರೆ. ಒಬ್ಬನೇ ಮನುಷ್ಯ ಬೆಳಿಗ್ಗೆ ಸಾಹುಕಾರನಾಗಿ ಅಕ್ಕಿ ಕಳೆದುಕೊಂಡು ಮಧ್ಯಾಹ್ನ ಬಡವನಾಗಿ ಮನೆಗೆ ಅರ್ಜಿ ಹಾಕಬಹುದಾದ ದೇಶ ನಮ್ಮದು. ಸಾಮಾಜಿಕ ಚಲನಶೀಲತೆ ಇಲ್ಲವೆಂದು ಯಾರು ಹೇಳಿದರೋ!

ಎರಡನೆಯ ಪ್ರಶ್ನೆ: ದೇಶದ ಯಾವುದೇ ಭಾಗದಲ್ಲಿ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇದೆಯೇ? ಇಸ್ತ್ರಿಯವರು ತಲೆ ಕೆರೆದುಕೊಂಡರು. ಊರಿನಲ್ಲಿ ಅಪ್ಪನ ಕಾಲದ್ದೊಂದು ಮನೆಯಿದೆಯಂತೆ, ಪತ್ರದಲ್ಲಿ ಇವರ ಹೆಸರೂ ಇದೆಯಂತೆ. ಅದರಲ್ಲಿ ತಮ್ಮನ ಸಂಸಾರ ಮತ್ತು ಎರಡು ಎಮ್ಮೆ. ‘ಅದಕ್ಕೆ ಆರ್‌ಸಿಸಿ ಚಾವಣಿ ಇದೆಯೇ?’ ಎಂದೆ. ‘ಇದೆ ಸಾರ್, ಸೋರುತ್ತದೆ’ ಎಂದರು. ಸೋರುವುದಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ದುಡಿದು, ನಾನೂರು ಕಿಲೋಮೀಟರ್ ಆಚೆ ಎಮ್ಮೆಯ ಪಕ್ಕ ಮಲಗಿ, ಬೆಳಿಗ್ಗೆ ಆರಕ್ಕೆ ಇದ್ದಿಲು ಹೊತ್ತಿಸುವ ಅನುಕೂಲವಿರುವವರು ಇವರೆಂದು ನಿಯಮ ಭಾವಿಸಿದೆ.

ಮೂರನೆಯದು, ನಗರದಲ್ಲಿ ವಾಸವಿರುವ ದಾಖಲೆ. ಬಾಡಿಗೆ ಕರಾರು ಬೇಕು. ಕರಾರು ಬರೆದುಕೊಡಿ ಎಂದು ಇವರ ಮನೆಯ ಮಾಲೀಕರನ್ನು ಕೇಳಿದರೆ ‘ನಂಬಿಕೆ ಮುಖ್ಯ, ಕಾಗದವಲ್ಲ’ ಎಂದರಂತೆ. ನಂಬಿಕೆಯ ಗುರುತಾಗಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಟ್ಟುಕೊಂಡಿದ್ದಾರೆ. 8 ಸಾವಿರದ ಕೋಣೆಗೆ 80 ಸಾವಿರ, ಅದಕ್ಕೂ ಕಾಗದವಿಲ್ಲ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳಬಾರದೆಂದು ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಮಾದರಿ ಎಂಬ ಪದದ ಸೊಗಸೇ ಅದು. ಪ್ರದರ್ಶನಕ್ಕಿಟ್ಟ ಮಾದರಿ ಫ್ಲ್ಯಾಟಿನಂತೆ ಒಳಹೊಕ್ಕು ನೋಡಿ ಬರಬಹುದು, ವಾಸ ಮಾಡುವಂತಿಲ್ಲ.

ಇದೇ ಇಸ್ತ್ರಿಯವರು ಹನ್ನೆರಡು ವರ್ಷಗಳ ಹಿಂದೆ ನಿಜವಾಗಿಯೂ ಕೈಗೆಟುಕುವ ಮನೆಯೊಂದರಲ್ಲಿದ್ದರು. ಅದು ಯಾವ ಯೋಜನೆಯಲ್ಲೂ ಇರಲಿಲ್ಲ. ಅವರ ಗಾಡಿಯ ಎದುರಿಗೆ ಈಗ ಒಂಬತ್ತು ಅಂತಸ್ತಿನ ಕಟ್ಟಡ ಎದ್ದಿರುವ ಜಾಗದಲ್ಲಿ ಆಗ ಒಂದು ವಠಾರವಿತ್ತು. ಹದಿನಾಲ್ಕು ಮನೆ, ಒಂದು ನಲ್ಲಿ, ಎರಡು ಕಕ್ಕಸು. ವಠಾರವನ್ನು ಸ್ವರ್ಗವೆಂದು ನೆನೆದು ಕಣ್ಣೀರಿಡುವವರು ಬೆಳಗಿನ ಹೊತ್ತು ಆ ಸಾಲಿನಲ್ಲಿ ಚೊಂಬು ಹಿಡಿದು ನಿಂತವರಲ್ಲ, ಅದು ನನಗೆ ಗೊತ್ತು, ನಾನು ನಿಂತಿದ್ದೇನೆ. ಆದರೂ ಜಗಲಿಯ ಮೇಲೆ ಕೂತು ಬಾಡಿಗೆ ಎಣಿಸುತ್ತಿದ್ದ ಮಾಲೀಕರಾದ ಅಜ್ಜಿ, ‘ಈ ತಿಂಗಳು ಕಷ್ಟ ಅಮ್ಮಾ’ ಎಂದರೆ ಹತ್ತನೆಯ ತಾರೀಖಿನವರೆಗೆ ಕಾಯುತ್ತಿದ್ದರು. ಬಡ್ಡಿಯನ್ನು ಬೈಗುಳದಲ್ಲಿ ವಸೂಲು ಮಾಡುತ್ತಿದ್ದರು. ನಲ್ಲಿಯ ಹತ್ತಿರ ಜಗಳವಾಡಿದ ಇಬ್ಬರಲ್ಲಿ ಒಬ್ಬರಿಗೆ ಹೆರಿಗೆ ನೋವು ಬಂದರೆ ಇನ್ನೊಬ್ಬರೇ ಆಟೋ ಹಿಡಿಯುತ್ತಿದ್ದರು. ಇದಕ್ಕೆ ಸಮುದಾಯ ಅಭಿವೃದ್ಧಿ ಎಂಬ ಹೆಸರಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅನುದಾನ ಕೇಳುತ್ತಿದ್ದರು.

ಅಜ್ಜಿ ತೀರಿಕೊಂಡರು, ಮಕ್ಕಳು ಮಾರಿದರು, ವಠಾರ ಉರುಳಿತು. ಹದಿನಾಲ್ಕು ಸಂಸಾರ ಹದಿನಾಲ್ಕು ದಿಕ್ಕಾಯಿತು. ಹೊಸ ಕಟ್ಟಡದ ಬಣ್ಣದ ಹೊತ್ತಗೆಯಲ್ಲಿ ಸೌಲಭ್ಯಗಳ ಪಟ್ಟಿಯಿದೆ: ಈಜುಕೊಳ, ಸಮುದಾಯ ಜೀವನ, ನಾಯಿಗಳ ಉದ್ಯಾನ, ಇದೇ ಕ್ರಮದಲ್ಲಿ. ಸಮುದಾಯ ಜೀವನಕ್ಕೂ ಚದರ ಅಡಿಯ ಲೆಕ್ಕದಲ್ಲಿ ಹಣ ಪಡೆದಿದ್ದಾರೆ. ಊಟದ ಕೂಟಗಳಿಗೆಂದು ಕಟ್ಟಿದ ಹಜಾರಕ್ಕೆ ಇಟ್ಟಿರುವ ಹೆಸರು ‘ವಠಾರ’.

ಖಾಸಗಿಯವರನ್ನೇಕೆ ಆಡಿಕೊಳ್ಳಬೇಕು? ಈ ವಿದ್ಯೆಯಲ್ಲಿ ಸರ್ಕಾರವೇ ಗುರು. 1970ರ ದಶಕದಲ್ಲಿ ಹುಟ್ಟಿದ ಕೊಳಚೆ ನಿರ್ಮೂಲನಾ ಮಂಡಳಿ ಈಗ ಕೊಳಗೇರಿ ಅಭಿವೃದ್ಧಿ ಮಂಡಳಿಯಾಗಿದೆ. ನಿರ್ಮೂಲನೆ ಆಗಲಿಲ್ಲ, ಅಭಿವೃದ್ಧಿಯಾದರೂ ಆಗಲಿ ಎಂದಿರಬೇಕು. ಈಜಿಪುರದಲ್ಲಿ ದುರ್ಬಲ ವರ್ಗದವರಿಗೆಂದೇ ಪಾಲಿಕೆಯ ವಸತಿಗೃಹಗಳಿದ್ದವು. ಅವು ಬಿರುಕು ಬಿಟ್ಟು ಕುಸಿಯತೊಡಗಿದವು. ದುರ್ಬಲರಿಗೆ ದುರ್ಬಲ ಕಟ್ಟಡ, ಹೊಂದಾಣಿಕೆಯೇನೋ ಚೆನ್ನಾಗಿತ್ತು. ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಕಾದರು. ಸುಮಾರು 15 ಎಕರೆ ಜಾಗವನ್ನು ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕೆ ಒಪ್ಪಿಸಿ, ಹೆಚ್ಚುಕಡಿಮೆ ಅರ್ಧದಲ್ಲಿ ಬಡವರ ಮನೆ, ಅರ್ಧದಲ್ಲಿ ಮಾಲ್ ಎಂದು ಹಂಚಿಕೆಯಾಯಿತು. 2013ರ ಜನವರಿಯ ಚಳಿಯಲ್ಲಿ ಬುಲ್‌ಡೋಜರುಗಳು ಬಂದು ಆ ಶೆಡ್ಡುಗಳನ್ನೂ ನೆಲಸಮ ಮಾಡಿದವು. ಸಾವಿರಕ್ಕೂ ಹೆಚ್ಚು ಕುಟುಂಬಗಳು. ಕೆಲವರು ಅಲ್ಲೇ ಫುಟ್‌ಪಾತಿನಲ್ಲಿ ಉಳಿದರು, ಕೆಲವರನ್ನು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಗೆ ಕಳಿಸಿದರು. ಆಮೇಲೆ ವರ್ಷಗಟ್ಟಲೆ ಆ ಜಾಗದಲ್ಲಿ ಮನೆಯೂ ಏಳಲಿಲ್ಲ, ಮಾಲೂ ಏಳಲಿಲ್ಲ. ಸಹಭಾಗಿತ್ವದಲ್ಲಿ ಒಂದು ಭಾಗ ಸರ್ಕಾರದ್ದು, ಒಂದು ಭಾಗ ಖಾಸಗಿಯದು. ಬೀದಿಪಾಲು ಮಾತ್ರ ಜನರದು.

ಇನ್ನೊಂದು ತುದಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಣಮಿಣಿಕೆ, ಆಲೂರು ಎಂದು ಊರಾಚೆ ಫ್ಲ್ಯಾಟು ಕಟ್ಟಿ, ಕೊಳ್ಳುವವರಿಲ್ಲದೆ ಮೇಳ ನಡೆಸಿ ಕೂಗಿ ಕೂಗಿ ಮಾರಬೇಕಾಯಿತು. ಮನೆಯಿಲ್ಲದ ಜನ ಒಂದು ಕಡೆ, ಜನರಿಲ್ಲದ ಮನೆ ಇನ್ನೊಂದು ಕಡೆ; ಹಲ್ಲಿದ್ದವನಿಗೆ ಕಡಲೆಯಿಲ್ಲ. ಬಡವರ ಮನೆ ಊರಾಚೆಯೇ ಏಕೆ ಎಂದು ಕೇಳಬಾರದು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ. ಖರ್ಚಾಗುವುದು ದಿನಕ್ಕೆ ನಾಲ್ಕು ಗಂಟೆ ಆಯುಸ್ಸು, ಅದಕ್ಕೆ ಟಿಕೆಟ್ಟಿಲ್ಲ.

ಯೋಜನೆಗಳೇ ಇಲ್ಲವೆಂದರೆ ಬಾಯಿಗೆ ಹುಳ ಬಿದ್ದೀತು. ಪ್ರಧಾನಮಂತ್ರಿಗಳ ನಗರ ಯೋಜನೆ 2015ರ ಜೂನ್ 25ರಂದು ಶುರುವಾದಾಗ 2022ರೊಳಗೆ ಎಲ್ಲರಿಗೂ ಸೂರು ಎಂದಿತ್ತು. ಲಕ್ಷಗಟ್ಟಲೆ ಮನೆ ಕಟ್ಟಿದ್ದೂ ಸುಳ್ಳಲ್ಲ. 2022 ಬಂತು, ಹೋಯಿತು, ಗಡುವು ಮುಂದಕ್ಕೆ ಹೋಯಿತು. 2024ರಲ್ಲಿ ಎರಡನೆಯ ಆವೃತ್ತಿ ಬಂದು ಇನ್ನೂ ಒಂದು ಕೋಟಿ ಮನೆ ಎಂದಿತು. ‘ಎಲ್ಲರಿಗೂ’ ಕೊಟ್ಟ ಮೇಲೂ ಒಂದು ಕೋಟಿ ಉಳಿಯುವುದು ಶೂನ್ಯವನ್ನು ಕಂಡುಹಿಡಿದವರ ಗಣಿತಕ್ಕೆ ಮಾತ್ರ ಸಾಧ್ಯ. ನಮ್ಮ ರಾಜ್ಯದ್ದು ಮುಖ್ಯಮಂತ್ರಿಗಳ ಒಂದು ಲಕ್ಷ ಬೆಂಗಳೂರು ವಸತಿ ಯೋಜನೆ. ಇಲ್ಲಿ ‘ಮುಖ್ಯಮಂತ್ರಿಗಳ’ ಎಂಬುದು ಗೌರವದ ಬಹುವಚನವೆಂದು ಮೊದಲು ಎಲ್ಲರೂ ತಿಳಿದಿದ್ದರು. ಸಿದ್ದರಾಮಯ್ಯ, ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಮತ್ತೆ ಸಿದ್ದರಾಮಯ್ಯ ಎಂದು ಕುರ್ಚಿ ಸುತ್ತುತ್ತ ಹೋದಾಗ ಅದು ನಿಜವಾದ ಬಹುವಚನವೆಂದು ತಿಳಿಯಿತು. ಲಕ್ಷ ಮಾತ್ರ ಹೆಸರಿನಲ್ಲಿ ಭದ್ರವಾಗಿದೆ.

ಅರ್ಜಿ ಹಾಕಿದ್ದಾಯಿತು. ಎಮ್ಮೆಯ ವಿಷಯವನ್ನು ನಿಜವನ್ನೇ ಬರೆದೆ, ಅದು ನನ್ನ ದಡ್ಡತನ. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಸಂದೇಶ ಇಸ್ತ್ರಿಯವರ ಮೊಬೈಲಿಗೆ ಬಂದು, ಅಲ್ಲೇ ನೆಲೆಸಿದೆ. ಸದ್ಯಕ್ಕೆ ವಸತಿ ದೊರೆತಿರುವುದು ಆ ಸಂದೇಶಕ್ಕೆ.

ಈ ನಡುವೆ ಎದುರಿನ ಕಟ್ಟಡದ ಸಂಘದವರು ಸಭೆ ಸೇರಿ, ತಳ್ಳುಗಾಡಿಯಿಂದ ಮುಖ್ಯದ್ವಾರದ ಅಂದ ಕೆಡುತ್ತಿದೆ ಎಂದು ನಿರ್ಣಯ ಮಾಡಿದರು. ಬೆಳಿಗ್ಗೆ ಏಳಕ್ಕೆ ಅಂಗಿ ಬೇಕೆಂಬುದನ್ನೂ ಅದೇ ಸಭೆಯಲ್ಲಿ ನಿರ್ಣಯಿಸಿದರು. ಎರಡೂ ನೆರವೇರುವಂತೆ, ನೆಲಮಾಳಿಗೆಗೆ ಬಂದು ಬಟ್ಟೆ ಒಯ್ದು ಅಲ್ಲಿಗೇ ತಂದಿಡಬೇಕು, ಗಾಡಿ ಮಾತ್ರ ಬೀದಿಯ ತಿರುವಿನಾಚೆ ಕಣ್ಣಿಗೆ ಬೀಳದಂತೆ ನಿಲ್ಲಬೇಕು ಎಂದು ತೀರ್ಮಾನವಾಯಿತು. ಮೊನ್ನೆ ಇಸ್ತ್ರಿಯವರು ನೆಲಮಾಳಿಗೆಯಿಂದ ಬಟ್ಟೆ ಗಂಟಿನೊಂದಿಗೆ ಮೇಲೆ ಬಂದವರು ನನ್ನನ್ನು ಕಂಡು ನಿಂತರು.

‘ಸಾರ್, ಕೆಳಗೆ ಒಂದೊಂದು ಕಾರಿಗೂ ಗೆರೆ ಎಳೆದು ಜಾಗ ಮಾಡಿದ್ದಾರೆ. ಹೆಜ್ಜೆ ಹಾಕಿ ಅಳೆದು ನೋಡಿದೆ. ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ. ನಮ್ಮ ಕೋಣೆ ಹತ್ತಕ್ಕೆ ಹನ್ನೆರಡು.’

ನಾನು ಮನಸ್ಸಿನಲ್ಲೇ ಗುಣಿಸಿದೆ. ಕಾರಿಗೆ ಎಂಟು ಚದರ ಅಡಿ ಹೆಚ್ಚು.

ಗಂಟನ್ನು ಹೆಗಲಿಂದ ಹೆಗಲಿಗೆ ಬದಲಿಸಿಕೊಂಡು ಅವರು ಬಲು ವಿನಯದಿಂದ ಕೇಳಿದರು: ‘ಆ ಕಾರುಗಳಿಗೆ ಅರ್ಜಿ ತುಂಬಿಕೊಟ್ಟವರು ಯಾರು ಸಾರ್?’