ಇವನು ವಿದ್ಯಾರ್ಥಿ, ನಂಬಿ

ಕಠ್ಮಂಡುವಿನ ಪುತಲಿಸಡಕ್‌ನಲ್ಲಿ ತಲೆ ಎತ್ತಿದರೆ ಆಕಾಶ ಕಾಣುವುದಿಲ್ಲ, ಬೋರ್ಡು ಕಾಣುತ್ತವೆ. ಕೆಳಗೆ ಕಂಪ್ಯೂಟರ್ ಅಂಗಡಿ, ಅದರ ಮೇಲೆ ಆಸ್ಟ್ರೇಲಿಯಾ, ಅದರ ಮೇಲೆ ಕೆನಡಾ, ಅದಕ್ಕೂ ಮೇಲೆ ಜಪಾನ್. ಪಕ್ಕದ ಬಾಗ್‌ಬಜಾರ್‌ಗೆ ಹೊರಳಿದರೂ ಇದೇ ಕಥೆ. ಎಲ್ಲವೂ ಹುಡುಗರನ್ನು ಓದಲು ಹೊರದೇಶಕ್ಕೆ ಕಳಿಸುವ ಕನ್ಸಲ್ಟೆನ್ಸಿಗಳು. ಜಪಾನ್ ಬೋರ್ಡಿನ ಮೇಲೆ ಫುಜಿ ಬೆಟ್ಟ, ಗುಲಾಬಿ ಬಣ್ಣದ ಸಕುರಾ ಹೂವು. ಮನೆಯ ಹಿಂದೆ 8,848 ಮೀಟರ್ ಎತ್ತರದ ಸಾಗರಮಾಥಾ, ಅಂದರೆ ಎವರೆಸ್ಟ್, ಇಟ್ಟುಕೊಂಡ ದೇಶದ ಹುಡುಗರಿಗೆ 3,776 ಮೀಟರಿನ ಬೆಟ್ಟ ತೋರಿಸಿ ‘ಬನ್ನಿ’ ಅಂತ ಕರೆಯಲು ಧೈರ್ಯ ಬೇಕು. ಆದರೆ ಹುಡುಗರು ಬೆಟ್ಟ ನೋಡುತ್ತಿಲ್ಲ. ಮೂಲೆಯಲ್ಲಿ ‘ಓದುತ್ತಾ ದುಡಿಯಿರಿ’ ಅಂತ ಬರೆದಿದೆಯಲ್ಲ, ಅದನ್ನು ನೋಡುತ್ತಿದ್ದಾರೆ.

ಹೀಗೆ ನೋಡುತ್ತಾ ನಿಂತ ಒಬ್ಬ ಹುಡುಗನನ್ನು ನಾವೂ ಹಿಂಬಾಲಿಸೋಣ. ಅವನಿಗೊಂದು ಹೆಸರು ಇಡಬಹುದಿತ್ತು. ಇಟ್ಟು ಪ್ರಯೋಜನವಿಲ್ಲ, ಜಪಾನಿಗೆ ಹೋದ ಮೇಲೆ ಅದು ಹೇಗೂ ಉಳಿಯುವುದಿಲ್ಲ. ಜಪಾನಿನವರು ಹೊರಗಿನ ಹೆಸರು ಬರೆಯುವ ಕತಾಕಾನಾ ಲಿಪಿಗೆ ಹಾಕಿದರೆ ಶ್ರೇಷ್ಠ ಎನ್ನುವವನು ‘ಶುರೆಸುತಾ’ ಆಗಿ ಹೊರಗೆ ಬರುತ್ತಾನೆ. ಅವನ ದೇಶವೇ ‘ನೆಪಾರು’ ಆಗುತ್ತದೆ. ಇದನ್ನು ಕೇಳಿ ಕನ್ನಡದವರು ನಗುವ ಹಾಗಿಲ್ಲ. ಬಸ್ಸು, ಕಾರು, ಲೈಟು, ಬಲ್ಬು ಅಂತ ಸಿಕ್ಕಿದ್ದಕ್ಕೆಲ್ಲ ಬಾಲ ಅಂಟಿಸುವವರು ನಾವೇ ಅಲ್ವಾ? ಜಪಾನಿನವರೂ ಬಸ್ಸಿಗೆ ‘ಬಸು’ ಅನ್ನುತ್ತಾರೆ.

ಕನ್ಸಲ್ಟೆನ್ಸಿಯ ಸರ್ “ಕೂತ್ಕೋ ಭಾಇ” ಅಂತಾರೆ. ಭಾಇ ಅಂದರೆ ತಮ್ಮ. ಫೀಸು ಕಟ್ಟುವ ತನಕ ಅಲ್ಲಿ ಎಲ್ಲರೂ ತಮ್ಮಂದಿರೇ. “ನಿನಗೆ ಯಾವ ವಿಷಯ ಓದಬೇಕು ಅಂತ ಆಸೆ?” ಅನ್ನುವ ಪ್ರಶ್ನೆ ಬರುವುದಿಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ? ಏಪ್ರಿಲ್ ಬ್ಯಾಚಾ, ಅಕ್ಟೋಬರ್ ಬ್ಯಾಚಾ, ಅಷ್ಟೇ.

ಮೊದಲ ಪಾಠ ಪರಿಚಯ ಹೇಳುವುದು. “ಹಾಜಿಮೆಮಾಶಿತೆ. ನೆಪಾರು ಕಾರಾ ಕಿಮಾಶಿತಾ.” ನಮಸ್ಕಾರ, ನೇಪಾಳದಿಂದ ಬಂದೆ ಅಂತ. ವ್ಯಾಕರಣ ಅಷ್ಟೇನೂ ಕಷ್ಟವಿಲ್ಲ. ನೇಪಾಳಿಯಂತೆ, ನಮ್ಮ ಕನ್ನಡದಂತೆ, ಅಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಕಷ್ಟ ಇರುವುದು ಎರಡನೇ ಪಾಠದಲ್ಲಿ: “ಜಪಾನ್ ಯಾಕೆ?” ಇಂಟರ್‌ವ್ಯೂ ಮಾಡಲು ಜಪಾನಿನ ಭಾಷಾ ಶಾಲೆಯವರು ಬರುತ್ತಾರೆ. ಅವರ ಮುಂದೆ ಹುಡುಗರು ಸಾಲಾಗಿ ಕೂತು ಹೇಳುತ್ತಾರೆ: ತಂತ್ರಜ್ಞಾನ ಮುಂದಿದೆ, ದೇಶ ಸುರಕ್ಷಿತ, ಜನ ಶಿಸ್ತಿನವರು, ಯುದ್ಧದಲ್ಲಿ ಬೂದಿಯಾದರೂ ಎದ್ದು ನಿಂತರು. ಮೊದಲನೆಯವನೂ ಇದನ್ನೇ ಹೇಳುತ್ತಾನೆ, ನಲವತ್ತನೆಯವನೂ ಇದನ್ನೇ ಹೇಳುತ್ತಾನೆ. ಕೇಳುವವರು ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ತಲೆ ಆಡಿಸುತ್ತಾರೆ. ಹುಡುಗ ಬಾಯಿಪಾಠ ಮಾಡಿದ್ದಾನೆಂದು ಅವರಿಗೆ ಗೊತ್ತು. ಅವರಿಗೆ ಗೊತ್ತೆಂದು ಹುಡುಗನಿಗೂ ಗೊತ್ತು. ಒಂದೇ ನಾಟಕವನ್ನು ಇಷ್ಟು ಪ್ರಯೋಗ ಆಡಿದ ಕಂಪನಿ ನಮ್ಮ ಕಡೆ ಇದ್ದಂತಿಲ್ಲ.

ಅಸಲಿ ಮಜಾ ಇರುವುದು ಸ್ಪಾನ್ಸರ್ ಕಾಗದಗಳಲ್ಲಿ. ಜಪಾನಿನ ಇಮಿಗ್ರೇಷನ್ ಇಲಾಖೆ ‘ಸಿಓಇ’ ಎನ್ನುವ ಅರ್ಹತಾ ಪತ್ರ ಕೊಟ್ಟರೆ ಮಾತ್ರ ವೀಸಾ. ಪುತಲಿಸಡಕ್‌ನಲ್ಲಿ ಈಗ ಊಟ ಆಯ್ತಾ ಅಂತ ಯಾರೂ ಕೇಳುವುದಿಲ್ಲ, ಸಿಓಇ ಬಂತಾ ಅಂತ ಕೇಳುತ್ತಾರೆ. ಅದು ಬರಬೇಕಾದರೆ ಒಂದು ವಿಷಯ ಸಾಬೀತಾಗಬೇಕು: ಈ ಹುಡುಗನಿಗೆ ದುಡಿಯುವ ಅಗತ್ಯವೇ ಇಲ್ಲ, ಅಪ್ಪನೇ ಸಾಕುತ್ತಾನೆ. ಸರಿ, ವಾರ್ಡ್ ಆಫೀಸಿನಿಂದ ಆದಾಯದ ಪತ್ರ, ಸಂಬಂಧದ ಪತ್ರ, ತೆರಿಗೆಯ ಪತ್ರ, ಬ್ಯಾಂಕಿನಿಂದ ಬ್ಯಾಲೆನ್ಸ್ ಪತ್ರ. ಮೂರು ಮೆಟ್ಟಿಲು ಗದ್ದೆ, ಎರಡು ಎಮ್ಮೆ ಇರುವ ಅಪ್ಪನ ಖಾತೆಯಲ್ಲಿ ಲಕ್ಷಗಟ್ಟಲೆ ಹಣ ಬಂದು ಕೂರುತ್ತದೆ. ಕೆಲವು ದಿನ ಇರುತ್ತದೆ, ಫೋಟೋ ತೆಗೆಸಿಕೊಳ್ಳುತ್ತದೆ, ಬಂದ ದಾರಿಯಲ್ಲೇ ಹೊರಡುತ್ತದೆ. ಮದುವೆ ಮನೆಗೆ ತಂದ ಬಾಡಿಗೆ ಪಾತ್ರೆಯ ಹಾಗೆ. ಕಾಗದದಲ್ಲಿ ಅಪ್ಪ ಸಾಹುಕಾರ. ಅದೇ ವಾರ ಮೊದಲ ವರ್ಷದ ಫೀಸಿಗಾಗಿ ಗದ್ದೆ ಅಡವಿಟ್ಟು ಬಡ್ಡಿಗೆ ಸಾಲ ತೆಗೆದವನೂ ಅವನೇ.

ಎಲ್ಲರೂ ಹೀಗೇ ಅಂತ ನಾನು ಹೇಳುವುದಿಲ್ಲ. ನಿಜವಾಗಿ ಹಣ ಇರುವವರೂ ಇದ್ದಾರೆ. ಅವರು ಸಾಮಾನ್ಯವಾಗಿ ಆಸ್ಟ್ರೇಲಿಯಾದ ಮಹಡಿಯಲ್ಲೇ ಇಳಿದುಬಿಡುತ್ತಾರೆ.

ಕಾಗದ ಹೋದ ಮೇಲೆ ಜಪಾನಿನಿಂದ ಫೋನ್ ಬರಬಹುದು ಎಂಬ ಭಯ. ಅದಕ್ಕೂ ತಾಲೀಮು ಇದೆ.

“ಆಮಾ, ಅಪ್ಪನ ವರ್ಷದ ಆದಾಯ ಎಷ್ಟು ಅಂತ ಕೇಳಿದರೆ?”

“ಯಾವ ಆದಾಯವೋ?”

“ಅಯ್ಯೋ, ಪೇಪರಿನಲ್ಲಿ ಇದೆಯಲ್ಲ, ಅದು!”

ಪಾಪ, ಆಮಾ ಗಂಡನ ಶ್ರೀಮಂತಿಕೆಯನ್ನು ಮೂವತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲ ಸಲ ಕೇಳುತ್ತಿದ್ದಾಳೆ.

ಇನ್ನು ನೇಪಾಳ ಸರ್ಕಾರದ ಸರದಿ. ಓದಲು ಹೊರದೇಶಕ್ಕೆ ಹೋಗುವವರು ಶಿಕ್ಷಣ ಸಚಿವಾಲಯದಿಂದ ‘ಎನ್‌ಓಸಿ’ ತರಬೇಕು. ಅಂದರೆ ‘ನಮ್ಮ ಅಭ್ಯಂತರವಿಲ್ಲ’ ಎಂಬ ಪತ್ರ. ಶುಲ್ಕ 2,000 ನೇಪಾಳಿ ರೂಪಾಯಿ. ಮಗ ಮನೆ ಬಿಟ್ಟು ಹೋಗ್ತೀನಿ ಅಂದಾಗ ಅಪ್ಪ ಪೇಪರ್ ಓದುತ್ತಲೇ “ನಂದೇನೂ ಅಭ್ಯಂತರ ಇಲ್ಲಪ್ಪ, ಎರಡು ಸಾವಿರ ಇಟ್ಟು ಹೋಗು” ಅಂದಂತೆ. ವರ್ಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಹುಡುಗ ಹುಡುಗಿಯರಿಗೆ ಹೀಗೆ ಅಭ್ಯಂತರವಿಲ್ಲ ಅಂದದ್ದಿದೆ. ಯಾಕೆ ಹೋಗ್ತಾ ಇದ್ದೀರಿ ಅಂತ ಕೇಳಲು ಆ ಫಾರಂನಲ್ಲಿ ಜಾಗ ಸಾಕಾಗುವುದಿಲ್ಲವೇನೋ. ದೇಶದ ಆದಾಯದ ಕಾಲು ಭಾಗದಷ್ಟು ಹೊರಗೆ ಹೋದವರು ಕಳಿಸುವ ದುಡ್ಡೇ ಆಗಿರುವಾಗ ಅಭ್ಯಂತರ ಮಾಡಲು ಸರ್ಕಾರಕ್ಕೇನು ತಲೆ ಕೆಟ್ಟಿದೆಯಾ?

ಅಂತೂ ಹುಡುಗ ಹೊರಟ. ಹಣೆ ತುಂಬ ಕೆಂಪು ಟೀಕಾ, ಕೊರಳಲ್ಲಿ ಚೆಂಡುಹೂವಿನ ಹಾರ. ಭವಿಷ್ಯ ಹುಡುಕಿ ಹೊರಟ ಅನ್ನುತ್ತಾರೆ. ಪಂಚಾಂಗ ಬೇರೆಯೇ ಹೇಳುತ್ತದೆ. 2025ರ ಅಕ್ಟೋಬರ್ ಬ್ಯಾಚಿನವನು ವಿಮಾನ ಹತ್ತಿದಾಗ ನೇಪಾಳದ ವಿಕ್ರಮ ಸಂವತ್ 2082. ಜಪಾನಿನಲ್ಲಿ ಇಳಿದಾಗ ಸರ್ಕಾರಿ ಕಾಗದದಲ್ಲಿ ರೇವಾ 7, ಅಂದರೆ ಈಗಿನ ಚಕ್ರವರ್ತಿಯ ಕಾಲದ ಏಳನೇ ವರ್ಷ. ಒಂದೇ ರಾತ್ರಿಯಲ್ಲಿ 2,075 ವರ್ಷ ಹಿಂದಕ್ಕೆ.

ವಿಮಾನ ನಿಲ್ದಾಣದಲ್ಲೇ ಅವನಿಗೆ ರೆಸಿಡೆನ್ಸ್ ಕಾರ್ಡ್ ಸಿಗುತ್ತದೆ. ಅಲ್ಲೇ ಒಂದು ಅರ್ಜಿ ಕೊಟ್ಟರೆ ಕಾರ್ಡಿನ ಹಿಂದೆ ಕೆಲಸ ಮಾಡುವ ಅನುಮತಿಯ ಮುದ್ರೆಯೂ ಬೀಳುತ್ತದೆ, ವಾರಕ್ಕೆ 28 ಗಂಟೆ. ಗಮನಿಸಿ, ದುಡಿಯುವ ಅಗತ್ಯವಿಲ್ಲ ಎಂದು ಒಂದು ಕಟ್ಟು ಕಾಗದ ಕೊಟ್ಟು ಸಾಬೀತು ಮಾಡಿದವನು ಇವನೇ. ಅದನ್ನು ನಂಬಿದ್ದು ಇದೇ ಇಲಾಖೆ. ಹುಡುಗ ಇನ್ನೂ ಶಾಲೆಯ ಬಾಗಿಲು ನೋಡಿಲ್ಲ, ಲಗೇಜು ಬೆಲ್ಟಿನ ಮೇಲೆ ಸುತ್ತುತ್ತಿದೆ, ಕೆಲಸದ ಅನುಮತಿ ಕೈಗೆ ಬಂತು.

ಈಗ ಸ್ವಲ್ಪ ಲೆಕ್ಕ. ಭಾಷಾ ಶಾಲೆಯಲ್ಲಿ ವಾರಕ್ಕೆ ಕನಿಷ್ಠ 20 ಪೀರಿಯಡ್ ಇರಬೇಕೆಂಬುದು ನಿಯಮ. ಒಂದು ಪೀರಿಯಡ್ 45 ನಿಮಿಷ. ಒಟ್ಟು 15 ಗಂಟೆ. ಕೆಲಸ 28 ಗಂಟೆ. ಕಳ್ಳ ಲೆಕ್ಕ ಬಿಡಿ, ಕಾನೂನಿನ ಪ್ರಕಾರವೇ ಇವನು ಓದುವುದಕ್ಕಿಂತ ಸುಮಾರು ಎರಡು ಪಟ್ಟು ದುಡಿಯಬಹುದು. ಆದರೂ ಇವನ ಹೆಸರು ವಿದ್ಯಾರ್ಥಿ.

ಇನ್ನೂ ಒಂದು ಲೆಕ್ಕ. 2024ರ ಅಕ್ಟೋಬರಿನಲ್ಲಿ ಟೋಕಿಯೋದ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್ ಆಯಿತು. 28 ಗಂಟೆಯಂತೆ ನಾಲ್ಕು ವಾರ ದುಡಿದರೆ 1,30,256 ಯೆನ್. ಶಾಲೆಯ ಫೀಸು ವರ್ಷಕ್ಕೆ ಏಳೆಂಟು ಲಕ್ಷ ಯೆನ್, ತಿಂಗಳಿಗೆ ಅರವತ್ತು ಸಾವಿರದ ಆಸುಪಾಸು ಆಯಿತು. ಬಾಡಿಗೆ, ರೈಲು, ಅಕ್ಕಿ, ಫೋನು. ಊರಿನಲ್ಲಿ ಗದ್ದೆಯ ಬಡ್ಡಿ. ಕೂಡಿಸಿ ಕಳೆದು ನೋಡಿದರೆ ಒಂದೇ ದಾರಿ, 28ನ್ನು ರಬ್ಬರಿನ ಹಾಗೆ ಎಳೆಯಬೇಕು. ಇದು ಶಾಲೆಗೂ ಗೊತ್ತು, ಫ್ಯಾಕ್ಟರಿಗೂ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ. ಇಲ್ಲಿ ಬೆಕ್ಕುಗಳು ಜಾಸ್ತಿ, ಎಲ್ಲವೂ ಸೂಟು ಹಾಕಿವೆ. ಎಳೆದದ್ದು ಗೊತ್ತಾದರೆ ವೀಸಾ ನವೀಕರಣ ಇಲ್ಲ, ಹುಡುಗ ವಾಪಸ್. ಅವನ ಜಾಗಕ್ಕೆ ಮುಂದಿನ ಬ್ಯಾಚ್.

ಜಪಾನೀ ಭಾಷೆ ಕಲಿಯಲು ಬಂದವನಿಗೆ ಮೊದಲು ಸಿಗುವ ಕೆಲಸ ಬೆಂತೋ ಫ್ಯಾಕ್ಟರಿಯಲ್ಲಿ, ರಾತ್ರಿ ಪಾಳಿ. ಬೆಲ್ಟಿನ ಮೇಲೆ ಊಟದ ಡಬ್ಬಿ ಬರುತ್ತದೆ, ಇವನು ಅನ್ನದ ಮೇಲೆ ಒಂದು ಉಪ್ಪಿನಕಾಯಿ ಇಡುತ್ತಾನೆ. ಮತ್ತೆ ಡಬ್ಬಿ, ಮತ್ತೆ ಉಪ್ಪಿನಕಾಯಿ. ಬಾಯಿಗೆ ಮಾಸ್ಕ್. ಭಾಷೆ ಬಾರದವರಿಗೆ ಮಾತೇ ಬೇಕಿಲ್ಲದ ಕೆಲಸ. ಬೆಳಿಗ್ಗೆ ಅದೇ ಕಣ್ಣಿನಲ್ಲಿ ಕ್ಲಾಸಿಗೆ ಬಂದು ಬೆಂಚಿನ ಮೇಲೆ ತಲೆ ಇಡುತ್ತಾನೆ. ಸೆನ್ಸೇ, ಅಂದರೆ ಮೇಷ್ಟ್ರು, ಹಾಜರಿ ಹಾಕುತ್ತಾರೆ. ಹಾಜರಿ ಕಡಿಮೆಯಾದರೆ ವೀಸಾಕ್ಕೆ ಕುತ್ತು, ಆದ್ದರಿಂದ ದೇಹ ಬಂದರೆ ಸಾಕು.

ಭಾಷೆ ಸ್ವಲ್ಪ ಬಂದರೆ ಕೊಂಬಿನಿಗೆ, ಅಂದರೆ ಹಗಲು ರಾತ್ರಿ ತೆರೆದಿರುವ ಅಂಗಡಿಗೆ, ಬಡ್ತಿ. ಅಲ್ಲಿ “ಒಬೆಂತೋ ಅತಾತಮೆಮಸ್ ಕಾ?” ಅಂತ ಕೇಳಬೇಕು. ಊಟ ಬಿಸಿ ಮಾಡಿಕೊಡಲಾ ಅಂತ. ನಿನ್ನೆ ರಾತ್ರಿ ತಾನೇ ಉಪ್ಪಿನಕಾಯಿ ಇಟ್ಟ ಡಬ್ಬಿಯೇ ಬಂತು ಅಂದುಕೊಳ್ಳಿ, ಕಲಿಕೆಯ ಒಂದು ಸುತ್ತು ಮುಗಿಯಿತು.

ಇದೂ ಆಗದಿದ್ದರೆ ‘ಇಂಡಿಯನ್’ ಹೋಟೆಲ್. ಟೋಕಿಯೋದಲ್ಲಿ ಊರಿನ ಊಟ ಹುಡುಕಿ ಹೋಗುವ ನಮ್ಮ ಕನ್ನಡದ ಟೆಕ್ಕಿಗಳಿಗೆ ಇದು ಚೆನ್ನಾಗಿ ಗೊತ್ತು. ಹೊರಗೆ ನಮ್ಮ ಬಾವುಟ, ಒಳಗೆ ಬಾಗ್ಲುಂಗ್ ಜಿಲ್ಲೆಯ ಅಡುಗೆಯವರು. ಮನೆಯಲ್ಲಿ ದಾಲ್ ಭಾತ್ ತಿಂದು ಬೆಳೆದವರು ಜಪಾನಿನವರಿಗೆ ತಟ್ಟೆಗಿಂತ ದೊಡ್ಡ ನಾನ್ ಸುಟ್ಟು ಕೊಡುತ್ತಾರೆ. ಇಂತಹ ಹೋಟೆಲಿಗೆ ಜಪಾನಿನವರು ಇಂಡಿಯಾ, ನೇಪಾಳ ಎರಡನ್ನೂ ಕತ್ತರಿಸಿ ಅಂಟಿಸಿ ‘ಇನ್‌ನೆಪಾ’ ಅಂತ ಪ್ರೀತಿಯ ಹೆಸರೂ ಇಟ್ಟಿದ್ದಾರೆ.

ಜಪಾನಿನ ಕಷ್ಟವನ್ನೂ ಹೇಳಬೇಕು. 2024ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು 7 ಲಕ್ಷಕ್ಕಿಂತ ಕಡಿಮೆ. ಡಬ್ಬಿಗೆ ಉಪ್ಪಿನಕಾಯಿ ಇಡಲು ಕೈ ಸಾಲದು. ಆದರೆ ವಲಸೆ ನೀತಿ ತಂದಿದ್ದೇವೆ ಅಂತ ಸರ್ಕಾರ ಬಾಯಿಬಿಟ್ಟು ಹೇಳುವುದಿಲ್ಲ. ಬದಲಿಗೆ 2033ರ ಹೊತ್ತಿಗೆ 4 ಲಕ್ಷ ವಿದೇಶಿ ‘ವಿದ್ಯಾರ್ಥಿಗಳು’ ಬೇಕು ಅಂತ ಗುರಿ ಇಟ್ಟಿದೆ. 2024ರ ಮೇ ತಿಂಗಳಲ್ಲಿ ನೇಪಾಳದವರೇ 64 ಸಾವಿರಕ್ಕೂ ಜಾಸ್ತಿ, ಚೀನಾ ಬಿಟ್ಟರೆ ಇವರೇ. ಕರೆದದ್ದು ಯಾಕೆಂಬುದು ಒಮ್ಮೊಮ್ಮೆ ಬಯಲಾಗುತ್ತದೆ. 2019ರಲ್ಲಿ ಟೋಕಿಯೋದ ಒಂದು ವಿಶ್ವವಿದ್ಯಾಲಯದ ವಿಚಾರಣೆ ನಡೆದಾಗ, ಮೂರು ವರ್ಷದಲ್ಲಿ 1,600ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಎಲ್ಲಿ ಹೋದರೆಂದೇ ಗೊತ್ತಿಲ್ಲ ಅಂತ ಹೊರಬಿತ್ತು. ಬಸ್ಸಿನಲ್ಲಿ ಛತ್ರಿ ಮರೆತ ಹಾಗೆ.

ನಮ್ಮ ಹುಡುಗ ಕಳೆದುಹೋಗಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕ್ಲಾಸು ಮುಗಿಸಿ ರೂಮಿಗೆ ಬಂದಿದ್ದಾನೆ. ನಾಲ್ವರು ಇರುವ ರೂಮು, ಮಲಗಲು ಸರದಿ. ನೇಪಾಳದಲ್ಲಿ ಆಗ ಬೆಳಿಗ್ಗೆ 9.45. ತಮ್ಮನ ಫೋನ್ ಬಂತು, ಪುತಲಿಸಡಕ್‌ನಿಂದ. ಅವನೂ ಸೇರಿದ್ದಾನೆ, ಏಪ್ರಿಲ್ ಬ್ಯಾಚ್. ಪರಿಚಯದ ಪಾಠ ಮುಗಿದಿದೆಯಂತೆ.

“ದಾಇ, ಒಂದು ಡೌಟು. ಸರ್ 28 ಗಂಟೆ ಅಂದರು. ಅದು ದಿನಕ್ಕಾ, ವಾರಕ್ಕಾ?”

ಅಣ್ಣ ದೊಡ್ಡದಾಗಿ ಆಕಳಿಸಿದ.

“ಕೇಳ್ತಾ ಇರೋದು ಇಮಿಗ್ರೇಷನ್ನಾ, ಫ್ಯಾಕ್ಟರಿಯಾ?”