ಒಂದೇ ಥರದ 48 ಡಬ್ಬಗಳು

ಭಾನುವಾರ ತಂಗಿಯ ಮನೆಗೆ ಹೋಗಿದ್ದೆ. ಬಂದು ಎರಡು ದಿನವಾಯಿತು, ಮನಸ್ಸು ಇನ್ನೂ ಸರಿಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದ್ದಾಳೆ. ಕಿಟಕಿಯ ಎದುರಿಗೆ ಗೋಡೆಯುದ್ದಕ್ಕೂ ಬಾಗಿಲಿಲ್ಲದ ಶೆಲ್ಫು. ಅದರ ತುಂಬಾ ಒಳಗಿರುವುದೆಲ್ಲ ಕಾಣುವಂಥ 48 ಪ್ಲಾಸ್ಟಿಕ್ ಡಬ್ಬ. ಒಂದೇ ಅಳತೆ, ಒಂದೇ ಮುಚ್ಚಳ, ಒಂದೇ ಥರದ ಬಿಳಿ ಚೀಟಿ. "ಹೇಗಿದೆ ಅಕ್ಕಾ?" ಅಂತ ಕೇಳಿದಳು. ನನ್ನ ಕಣ್ಣು ತೊಗರಿಬೇಳೆ ಡಬ್ಬದ ಮೇಲೇ ಇತ್ತು. ಕೆಳಗೆ ನಾಲ್ಕು ಬೆರಳಷ್ಟು ಹಳೇ ಬೇಳೆ, ಬಣ್ಣ ಮಂಕಾಗಿದೆ. ಅದರ ಮೇಲೆ ಹೊಸದು.

"ಹಳೇದನ್ನ ತೆಗೀದೇ ಯಾಕೆ ಸುರಿದೆ?"

"ಅರ್ಧ ಖಾಲಿ ಇದ್ರೆ ನೋಡೋಕೆ ಚೆನ್ನಾಗಿರಲ್ಲ ಅಕ್ಕಾ."

ಡಬ್ಬ ತುಂಬಿ ಕಾಣಲಿ ಅಂತ ಯಾರಾದರೂ ಬೇಳೆ ಸುರಿಯುತ್ತಾರಾ?

ನಮ್ಮ ತೀರ್ಥಹಳ್ಳಿ ಕಡೆಯ ಮನೆಯನ್ನು ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗದ ಊರು. ಆ ಥಂಡಿಯಲ್ಲೂ ಅಮ್ಮನ ಸಾಮಾನು ಕೆಡುತ್ತಿರಲಿಲ್ಲ. ಯಾಕೆಂದರೆ ಅಮ್ಮ ಎಲ್ಲವನ್ನೂ ಒಂದೇ ಥರ ಇಡುತ್ತಿರಲಿಲ್ಲ. ತೊಗರಿಬೇಳೆಗೆ ಬೇಸಿಗೆಯಲ್ಲೇ ಹರಳೆಣ್ಣೆ ಸವರಿ, ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಕ್ಕೆ ತುಂಬುತ್ತಿದ್ದಳು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಹುಣಸೆಹಣ್ಣಿನ ಬೀಜ, ನಾರು ತೆಗೆದು ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಒತ್ತಿ ಇಡುತ್ತಿದ್ದಳು. ಉಪ್ಪನ್ನಂತೂ ಸ್ಟೀಲಿಗೆ ಹಾಕಿದ್ದೇ ಇಲ್ಲ, ಉಪ್ಪು ಸ್ಟೀಲನ್ನೂ ತಿನ್ನುತ್ತದೆ. ಮಿಡಿ ಉಪ್ಪಿನಕಾಯಿಯ ಭರಣಿಗೆ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಮೂಲೆ. ಹಪ್ಪಳದ ತಗಡಿನ ಡಬ್ಬ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ಮತ್ತು ಬಿಸಿ ಎರಡೂ ತಾಗುವ ಜಾಗದಲ್ಲಿ. ರವೆ ತಂದ ದಿನವೇ ಹುರಿಯುತ್ತಿದ್ದಳು.

ಒಂದೊಂದು ಪದಾರ್ಥದ ಗುಣ ಗೊತ್ತಿದ್ದವರಿಗೆ ಮಾತ್ರ ಹೀಗೆ ಇಡಲು ಬರುತ್ತದೆ. 48 ಪದಾರ್ಥವನ್ನೂ ಒಂದೇ ಥರದ ಡಬ್ಬಕ್ಕೆ ಹಾಕಿದರೆ ಅದರ ಗುಣ ಕೇಳುವವರೇ ಇಲ್ಲ.

ತಂಗಿಯ ಶೆಲ್ಫಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯೂ ಕಿಟಕಿ ಬೆಳಕಿಗೇ ಇದೆ. ಬ್ಯಾಡಗಿಯನ್ನು ನಾವು ಕೊಳ್ಳುವುದೇ ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪು ಬೆಳಕಿಗೆ ಇಟ್ಟರೆ ಮಾಸುತ್ತದೆ. ಸಾರಿನ ಪುಡಿ, ಅರಿಶಿನ, ಎಲ್ಲಕ್ಕೂ ಇದೇ ಗತಿ. ಇಂಗಿನದು ಇನ್ನೊಂದು ಕಥೆ. ಪ್ಲಾಸ್ಟಿಕ್‌ಗೆ ಇಂಗಿನ ವಾಸನೆ ಒಮ್ಮೆ ಹಿಡಿದರೆ ತೊಳೆದರೂ ಬೇಗ ಬಿಡುವುದಿಲ್ಲ.

"ಗಾಳಿ ಆಡದ ಮುಚ್ಚಳ ಅಕ್ಕಾ, ಹುಳ ಬರಲ್ಲ" ಅಂದಳು. ಇದನ್ನು ನಂಬಿದವರು ತುಂಬಾ ಜನ ಇದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಕ್ಕಿಗೆ ಬೀಳುವ ಮೂತಿಯ ಹುಳ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ತೂತನ್ನು ಮುಚ್ಚಿಬಿಡುತ್ತದೆ. ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಸೆಕೆ ಇದ್ದರೆ ಸುಮಾರು ಒಂದು ತಿಂಗಳಲ್ಲಿ ಹುಳ ಹೊರಗೆ ಬರುತ್ತದೆ. ಅಂದರೆ ಅಂಗಡಿಯಿಂದ ಬರುವಾಗಲೇ ಅದು ಅಕ್ಕಿಯ ಒಳಗಿರಬಹುದು. ಹೊಸದನ್ನು ಹಳೇದರ ಮೇಲೆ ಸುರಿದರಂತೂ ಹಳೇ ಹುಳಕ್ಕೆ ಹೊಸ ಊಟ. ಬಿಗಿ ಮುಚ್ಚಳದಿಂದ ಪಕ್ಕದ ಡಬ್ಬಕ್ಕೆ ಹುಳ ಹೋಗುವುದು ತಪ್ಪುತ್ತದೆ, ಇರುವೆ ಬರುವುದಿಲ್ಲ, ಅಷ್ಟೇ. ಫ್ರೀಜರ್ ಇದ್ದವರು ತಂದ ಅಕ್ಕಿ, ರವೆ, ಕಾಳನ್ನು ನಾಲ್ಕು ದಿನ ಅದರಲ್ಲಿಡಿ. ಆಮೇಲೆ ಚೀಲ ಬಿಚ್ಚದೆ ಹೊರಗಿಟ್ಟು, ತಣ್ಣಗಿರುವುದು ಪೂರ್ತಿ ಹೋದ ಮೇಲೆ ಡಬ್ಬಕ್ಕೆ ಹಾಕಿ.

ಇನ್ನು ತಾರೀಖು. ಪೊಟ್ಟಣದ ಮೇಲೆ ಯಾವಾಗ ತಯಾರಾಯಿತು, ಎಲ್ಲಿಯವರೆಗೆ ಬಳಸಬಹುದು ಎಂದು ಅಚ್ಚು ಹಾಕಿರುತ್ತಾರೆ. ಡಬ್ಬಕ್ಕೆ ಸುರಿದು ಪೊಟ್ಟಣ ಬಿಸಾಡಿದರೆ ಆ ಲೆಕ್ಕ ಹೋಯಿತು. ಬಿಳಿ ಚೀಟಿಯ ಮೇಲೆ "ಕಡಲೆಹಿಟ್ಟು" ಅಂತ ಚಂದದ ಅಕ್ಷರ. ಕಡಲೆಹಿಟ್ಟು ಅಂತ ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಯಾವ ತಿಂಗಳದ್ದು ಅನ್ನುವುದು ತಾನೇ ಬೇಕಾಗಿರುವುದು? ನಾನು ಪೊಟ್ಟಣದ ತಾರೀಖಿನ ತುಂಡನ್ನು ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿ ಡಬ್ಬಕ್ಕೆ ಸಿಕ್ಕಿಸುತ್ತೇನೆ. ನೋಡೋಕೆ ಚೆನ್ನಾಗಿರಲ್ಲ. ಬೇಡ ಬಿಡಿ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಏನು ಮುಗಿದಿದೆ ಅಂತ ಒಂದು ನೋಟಕ್ಕೆ ಕಾಣಬೇಕು, ಅಂತಲೂ ಹೇಳುತ್ತಾರೆ. ಒಪ್ಪಿದೆ. ಆದರೆ ಯಾವಾಗಲೂ ಮೇಲಿಂದ ಸುರಿದು ತುಂಬಿಸುತ್ತಾ ಇದ್ದರೆ ಮುಗಿದಿದ್ದು ಕಾಣುವುದು ಹೇಗೆ? ಅಮ್ಮ ಡಬ್ಬ ಎತ್ತಿದ ಕೂಡಲೇ "ಇನ್ನು ನಾಲ್ಕು ದಿನಕ್ಕೆ ಬರುತ್ತೆ" ಅನ್ನುತ್ತಿದ್ದಳು.

ಒಂದು ಮಾತು ಇದುವರೆಗೂ ಯಾರಿಗೂ ಹೇಳಿಲ್ಲ. ನಾವು ಮೈಸೂರಿಗೆ ಬಂದ ಹೊಸದರಲ್ಲಿ ನಾನೂ ಇಂಥದ್ದೇ ಡಬ್ಬಗಳನ್ನು ತಂದಿದ್ದೆ. ಹುರಿಯದೇ ಇದ್ದ ಮೂರು ಕೆಜಿ ಚಿರೋಟಿ ರವೆಯನ್ನು ಹಳೇದರ ಮೇಲೆ ಸುರಿದೆ. ಆಷಾಢದಲ್ಲಿ ಮುಚ್ಚಳ ತೆಗೆದರೆ ಪೂರ್ತಿ ಬಲೆ ಕಟ್ಟಿತ್ತು. ಮನೆಯವರಿಗೂ ಹೇಳದೆ ರಾತ್ರಿ ಕಸಕ್ಕೆ ಹಾಕಿದೆ. ಅನ್ನ ಚೆಲ್ಲಿದರೆ ಬಗ್ಗಿ ಆರಿಸುತ್ತಿದ್ದ ಅಮ್ಮನ ಮಗಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಭಾನುವಾರ ನನಗೆ ನಿಜಕ್ಕೂ ಅಳು ಬಂದಿದ್ದು ಬೇಳೆಗಲ್ಲ. ಅಮ್ಮ ಹೋದ ಮೇಲೆ ಅವಳ ಸ್ಟೀಲ್ ಡಬ್ಬಗಳಲ್ಲಿ ಏಳು ತಂಗಿಗೆ, ಐದು ನನಗೆ ಬಂದವು. ಎಲ್ಲದರ ಮೇಲೂ ಅಮ್ಮನ ಹೆಸರು, 1978 ಅಂತ ಇಸವಿ ಕೆತ್ತಿಸಿದೆ. ಮದುವೆಗೆ ಅಜ್ಜ ಕೊಡಿಸಿದ್ದು. "ಅವೆಲ್ಲಿ?" ಅಂದೆ. "ಪಾತ್ರೆ ಅಂಗಡೀಲಿ ತೂಕಕ್ಕೆ ಹಾಕಿದೆ ಅಕ್ಕಾ. ಹೊಸ ಅಡುಗೆಮನೆಗೆ ಹೊಂದ್ತಿರಲಿಲ್ಲ" ಅಂದಳು. ನಾನು ಜೋರಾಗಿಯೇ ಬೈದೆ. ಊಟ ಮಾಡದೆ ಎದ್ದು ಬಂದೆ.

ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಅಂಗಡಿಗೆ ಹೋಗಿ ಕೇಳಿದಳಂತೆ. ಹಳೇ ಪಾತ್ರೆಯ ಲೋಡು ಹೋಗಿ ವಾರವಾಯಿತಂತೆ. ಅವಳ ದನಿ ಸಣ್ಣಗಾಗಿತ್ತು. ನನ್ನ ಐದರಲ್ಲಿ ಎರಡನ್ನು ಅವಳಿಗೆ ಕೊಡುತ್ತೇನೆ, ದೊಡ್ಡದು ಅಕ್ಕಿಗೆ, ಸಣ್ಣದು ಬೇಳೆಗೆ. ಮುಂದಿನ ಭಾನುವಾರ ಹೋಗುವಾಗ ಹರಳೆಣ್ಣೆಯನ್ನೂ ತೆಗೆದುಕೊಂಡು ಹೋಗಬೇಕು.